ಕೆಳಗಿನ ಕೋರ್ಟಿನ ಕಡತವೇ ಅಪೀಲಿನ ಬಂಡವಾಳ: ಒಂದು ಚೆಕ್ ಬೌನ್ಸ್ ಪ್ರಕರಣ

ಚೆಕ್ ಬೌನ್ಸ್ ಕೇಸಿನಲ್ಲಿ ಶಿಕ್ಷೆಯಾದವರೊಬ್ಬರು ನನ್ನ ಆಫೀಸಿಗೆ ಬಂದದ್ದು ತೀರ್ಪಾಗಿ 19ನೇ ದಿನಕ್ಕೆ. ಕೂತವರೇ ಕೇಳಿದ ಮೊದಲ ಮಾತು, "ಸಾರ್, ಹೈಕೋರ್ಟಿಗೆ ಎಷ್ಟು ಖರ್ಚಾಗುತ್ತೆ?"

ಹೈಕೋರ್ಟಿಗೆ ಯಾಕೆ ಹೋಗಬೇಕು ಅಂತ ಕೇಳಿದೆ. ಪಕ್ಕದ ಅಂಗಡಿಯವರು ಹೇಳಿದ್ದರಂತೆ. ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟರೆ ಸೀದಾ ಬೆಂಗಳೂರಿಗೆ ಹೋಗಿ ಸ್ಟೇ ತರಬೇಕು ಅಂತ. ಆ ಮಾತು ನಂಬಿಕೊಂಡು ಎರಡು ಸಲ ಬೆಂಗಳೂರಿಗೆ ಬಸ್ ಹತ್ತಿ ಬಂದಿದ್ದಾರೆ. ಅಪೀಲಿಗೆ ಇರುವುದೇ 30 ದಿನ. ಅದರಲ್ಲಿ 19 ಹೀಗೆ ಹೋಗಿತ್ತು.

ಊರು, ವ್ಯಾಪಾರ, ಮೊತ್ತಗಳನ್ನು ಇಲ್ಲಿ ಸ್ವಲ್ಪ ಬದಲಿಸಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಮುಟ್ಟಿಲ್ಲ. ಆರೋಪಿಯನ್ನು ಅಂಗಡಿಯವರು ಅನ್ನೋಣ, ದೂರು ಕೊಟ್ಟವರನ್ನು ಚೀಟಿಯವರು ಅನ್ನೋಣ. ನಾನು ಅಪೀಲಿನಲ್ಲಿ ಅಂಗಡಿಯವರ ಪರ ಇದ್ದ ವಕೀಲ. ಆದ್ದರಿಂದ ನನ್ನ ಮಾತು ಸ್ವಲ್ಪ ಆ ಕಡೆಗೇ ವಾಲಿರಬಹುದು. ಓದುವಾಗ ಅದು ಗಮನದಲ್ಲಿರಲಿ.

ಹಿನ್ನೆಲೆ

ತಾಲ್ಲೂಕು ಕೇಂದ್ರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಅದೇ ಬೀದಿಯಲ್ಲಿ ಒಬ್ಬರು ಚೀಟಿ ನಡೆಸುತ್ತಿದ್ದರು, ನೋಂದಣಿ ಗಿಂದಣಿ ಏನೂ ಇಲ್ಲದ್ದು. 20 ಜನ, ತಿಂಗಳಿಗೆ 25 ಸಾವಿರ, 5 ಲಕ್ಷದ ಚೀಟಿ. 2016ರಲ್ಲಿ ಶುರುವಾಯಿತು. ಅಂಗಡಿಯವರು ಆರನೇ ತಿಂಗಳಿಗೇ ಚೀಟಿ ಎತ್ತಿದರು. ಎತ್ತುವಾಗ ಭದ್ರತೆಗೆ ಅಂತ ಸಹಿ ಮಾಡಿದ ಮೂರು ಖಾಲಿ ಚೆಕ್ ಕೊಟ್ಟರು. ನಮ್ಮ ಕಡೆ ಇದು ಎಲ್ಲರೂ ಮಾಡುವುದೇ ಅಲ್ವಾ, ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಕೊನೆಯ ಎರಡು ಕಂತು ಅಂಗಡಿಯವರು ಕಟ್ಟಲಿಲ್ಲ. ಇದನ್ನು ಅವರು ನನ್ನ ಹತ್ತಿರ ಒಪ್ಪಿಕೊಂಡರು. ಅಂದರೆ 50 ಸಾವಿರ ಬಾಕಿ ಇದ್ದದ್ದು ನಿಜ. ಚೀಟಿ ಮುಗಿದ ಮೇಲೆ ಇಬ್ಬರಿಗೂ ಮಾತು ಬಿಟ್ಟಿತು. 2019ರಲ್ಲಿ ಮೂರರಲ್ಲಿ ಒಂದು ಚೆಕ್ 6,50,000 ರೂಪಾಯಿಗೆ ತುಂಬಿ ಬ್ಯಾಂಕಿಗೆ ಹೋಯಿತು. ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್ ಬಂತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬಂತು. ಅದರಲ್ಲಿ ಚೀಟಿಯ ಮಾತೇ ಇರಲಿಲ್ಲ. ಜನವರಿಯಲ್ಲಿ ನಗದಾಗಿ ಕೈಸಾಲ ಕೊಟ್ಟಿದ್ದೆ, ಅದಕ್ಕೆ ಈ ಚೆಕ್ ಅಂತ ಇತ್ತು.

ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ ಇರುತ್ತದೆ. ಹಣ ಕೊಡುವುದಿಲ್ಲ ಅಂದರೂ, ಯಾಕೆ ಕೊಡಬೇಕಿಲ್ಲ ಅಂತ ಒಂದು ಉತ್ತರವನ್ನಾದರೂ ಬರೆಯಬೇಕು. ಇವರು ಬರೆಯಲಿಲ್ಲ. ಇಬ್ಬರಿಗೂ ಬೇಕಾದ ಸ್ನೇಹಿತರೊಬ್ಬರು "ನೀನು ಸುಮ್ನಿರು, ನಾನು ಮಾತಾಡ್ತೀನಿ" ಅಂದಿದ್ದರಂತೆ. ಇವರೂ ಸುಮ್ಮನಿದ್ದರು.

ಕೆಳಗಿನ ಕೋರ್ಟಿನಲ್ಲಿ

ಕೇಸು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಸುಮಾರು 4 ವರ್ಷ ನಡೆಯಿತು. ನಡುವೆ ಕೋವಿಡ್ ಬಂದು ಹೋಯಿತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕೇಸುಗಳಲ್ಲಿ ಆರೋಪಿ ಚೆಕ್ಕಿನ ಮೇಲಿನ ಸಹಿ ತನ್ನದು ಅಂತ ಒಪ್ಪಿದರೆ ಸಾಕು, ಅದು ಸಾಲ ತೀರಿಸಲು ಕೊಟ್ಟ ಚೆಕ್ಕೇ ಅಂತ ಕೋರ್ಟು ಮೊದಲಿಗೆ ಅಂದುಕೊಳ್ಳಬೇಕು. 139ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅದು ತಪ್ಪು ಅಂತ ತೋರಿಸುವ ಹೊರೆ ಆರೋಪಿಯ ಮೇಲೆ. "ಖಾಲಿ ಚೆಕ್ ಕೊಟ್ಟಿದ್ದೆ, ಅವರು ತುಂಬಿಕೊಂಡರು" ಅನ್ನುವುದೊಂದೇ ಸಾಲದು. ಖಾಲಿ ಚೆಕ್ಕಿಗೆ ಸಹಿ ಮಾಡಿ ಒಪ್ಪಿ ಕೊಟ್ಟಿದ್ದರೂ ಈ ಊಹೆ ನಿಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಕೇಸಿನಲ್ಲಿ ಹೇಳಿದೆ.

ಅಂಗಡಿಯವರು ಸಾಕ್ಷಿ ಕಟ್ಟೆ ಹತ್ತಲಿಲ್ಲ. ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 313ರ ಹೇಳಿಕೆಯಲ್ಲಿ, ಅಂದರೆ ತನ್ನ ವಿರುದ್ಧ ಬಂದ ಸಾಕ್ಷ್ಯಕ್ಕೆ ಏನು ಹೇಳುತ್ತೀರಿ ಅಂತ ಕೋರ್ಟೇ ಆರೋಪಿಯನ್ನು ಕೇಳುವಾಗ, ಎಲ್ಲದಕ್ಕೂ "ಸುಳ್ಳು" ಅಂದರು. ನಿಮ್ಮ ಕಡೆ ಸಾಕ್ಷಿ ಇದೆಯಾ ಅಂದದ್ದಕ್ಕೆ "ಇಲ್ಲ" ಅಂದರು. ಚೀಟಿ ವಿಷಯ ತೆಗೆದರೆ ತಮಗೂ ತೊಂದರೆ ಆದೀತು ಅನ್ನುವ ಭಯ ಒಂದು. ಇನ್ನೊಂದು, ಸುಸ್ತಾಗಿತ್ತು.

2023ರ ಜೂನ್ ಎರಡನೇ ವಾರ ತೀರ್ಪು ಬಂತು. 6 ತಿಂಗಳ ಸಾದಾ ಸಜೆ ಮತ್ತು 7 ಲಕ್ಷ ದಂಡ. ದಂಡದಲ್ಲಿ 6,95,000 ದೂರುದಾರರಿಗೆ, 5,000 ಸರ್ಕಾರಕ್ಕೆ. ದಂಡ ಕಟ್ಟದಿದ್ದರೆ ಇನ್ನೂ 3 ತಿಂಗಳು.

ಆ ದಿನ ಒಂದು ಕೆಲಸ ಸರಿಯಾಗಿ ಆಗಿತ್ತು. ಅವರ ಹಳೆಯ ವಕೀಲರು ಅಲ್ಲೇ ನಿಂತು ಅರ್ಜಿ ಕೊಟ್ಟು, ಅಪೀಲು ಹಾಕುವವರೆಗೆ ಅಂತ ಒಂದು ತಿಂಗಳು ಶಿಕ್ಷೆ ಅಮಾನತು ಮಾಡಿಸಿದ್ದರು. ಶಿಕ್ಷೆ 3 ವರ್ಷದೊಳಗಿದ್ದು ಆರೋಪಿ ಜಾಮೀನಿನ ಮೇಲಿದ್ದರೆ, ಶಿಕ್ಷೆ ಕೊಟ್ಟ ಕೋರ್ಟೇ ಇದನ್ನು ಮಾಡಬಹುದು. ಹೆದರಿ ತೀರ್ಪಿನ ದಿನ ಕೋರ್ಟಿಗೇ ಹೋಗದೆ ವಾರಂಟ್ ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಇವರು ಹೋಗಿದ್ದರು. ಅದರಿಂದಲೇ ಒಂದು ರಾತ್ರಿಯೂ ಒಳಗೆ ಕಳೆಯಬೇಕಾಗಲಿಲ್ಲ.

ಅಪೀಲಿಗೆ ಮುಂಚೆ

"ತೀರ್ಪಿನ ಕಾಪಿ ಎಲ್ಲಿ?" ಅಂತ ಕೇಳಿದೆ. "ಕೋರ್ಟಿನವರು ಇನ್ನೂ ಕೊಟ್ಟಿಲ್ಲ ಸಾರ್" ಅಂದರು. ಸೆರೆವಾಸದ ಶಿಕ್ಷೆ ಆದರೆ ತೀರ್ಪಿನ ಪ್ರತಿಯನ್ನು ಆರೋಪಿಗೆ ಅಂದೇ ಪುಕ್ಕಟೆ ಕೊಡಬೇಕು. ಹಾಗಾಗಿ ನನಗೆ ಅನುಮಾನ ಬಂತು. ಅವರ ಹೆಂಡತಿಗೆ ಫೋನ್ ಮಾಡಿಸಿದೆ. ಅಂಗಡಿಯ ಡ್ರಾಯರಿನಲ್ಲಿ, ಸಿಮೆಂಟ್ ಬಿಲ್ಲುಗಳ ಕೆಳಗೆ, ಕಂದು ಕವರಿನಲ್ಲಿ ಮೊದಲ ದಿನದಿಂದಲೇ ಅದು ಇತ್ತು. ಕೈಗೆ ಕೊಟ್ಟಾಗ ಏನು ಅಂತಲೇ ನೋಡಿರಲಿಲ್ಲ.

ಜೆಎಂಎಫ್‌ಸಿ ಕೊಟ್ಟ ಶಿಕ್ಷೆಯ ಮೇಲೆ ಅಪೀಲು ಹೋಗುವುದು ಜಿಲ್ಲಾ ಮತ್ತು ಸೆಷನ್ಸ್ ಕೋರ್ಟಿಗೆ. ಆಗ ಅದು ಸಿಆರ್‌ಪಿಸಿ 374(3). 2024ರ ಜುಲೈ 1ರಿಂದ ಹೊಸ ಕಾನೂನು ಬಂದು, ಅದೇ ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 415 ಆಗಿದೆ. ಶಿಕ್ಷೆ ಅಮಾನತಿನ 389 ಈಗ 430. ಹೆಚ್ಚುವರಿ ಸಾಕ್ಷ್ಯದ 391 ಈಗ 432. ನಮ್ಮದು ಅದಕ್ಕೆ ಮುಂಚೆಯೇ ಹಾಕಿದ ಅಪೀಲು. ಆದ್ದರಿಂದ ಕೊನೆಯವರೆಗೂ ಹಳೆಯ ಕಾನೂನಿನಲ್ಲೇ ನಡೆಯಿತು.

ಹೈಕೋರ್ಟು ಬರುವುದು ಇದಾದ ಮೇಲೆ. ಸೆಷನ್ಸ್‌ನಲ್ಲೂ ಸೋತರೆ ಅಲ್ಲಿಗೆ ರಿವಿಷನ್ ಹಾಕಬಹುದು. ಆದರೆ ರಿವಿಷನ್ ಅಂದರೆ ಇನ್ನೊಂದು ಅಪೀಲಲ್ಲ. ಕೆಳಗಿನ ಎರಡೂ ಕೋರ್ಟು ಒಂದೇ ಮಾತು ಹೇಳಿದ್ದರೆ, ಎದ್ದು ಕಾಣುವ ತಪ್ಪಿಲ್ಲದೆ ಹೈಕೋರ್ಟು ಸಾಕ್ಷ್ಯವನ್ನು ಮತ್ತೆ ಕೂತು ಅಳೆಯುವುದಿಲ್ಲ. ಸಾಕ್ಷಿಗಳು ಹೇಳಿದ್ದನ್ನು ಸಾಲು ಸಾಲಾಗಿ ಮತ್ತೆ ಓದಿಸುವ ಕೊನೆಯ ಜಾಗ ಸೆಷನ್ಸ್ ಕೋರ್ಟು. ಇದನ್ನು ಅವರಿಗೆ ಹೇಳಿದಾಗ ಮುಖ ಸಣ್ಣದಾಯಿತು. ಜಿಲ್ಲಾ ಕೋರ್ಟು ಅಂದರೆ ಹೈಕೋರ್ಟಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಬಸ್ ಸ್ಟಾಪು ಅಂತ ಅಂದುಕೊಂಡಿದ್ದರು.

ಇನ್ನೊಂದು ಭಯ ಅವರ ಹೆಂಡತಿಯದು. "ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿ ಮಾಡಿಬಿಟ್ಟರೆ ಸಾರ್?" ಆಗುವುದಿಲ್ಲ. ಆರೋಪಿ ತಾನೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ, ಎದುರಿನವರು ಅದಕ್ಕೆಂದೇ ಬೇರೆ ಅರ್ಜಿ ತಂದರೆ ಆ ಮಾತು ಬೇರೆ.

ನಾಲ್ಕು ದಿನ ಕೂತು ಕೆಳಗಿನ ಕೋರ್ಟಿನ ಕಾಗದವೆಲ್ಲ ಓದಿದೆ. ಈ ಕೇಸು ಬದುಕಿದ್ದು ಆ ನಾಲ್ಕು ದಿನದಿಂದ. ಚೀಟಿಯವರ ಪಾಟೀ ಸವಾಲು ಒಟ್ಟು ಒಂದೂವರೆ ಪುಟ. ಹಳೆಯ ವಕೀಲರು ಜಾಸ್ತಿ ಪ್ರಶ್ನೆ ಕೇಳಿಲ್ಲ ಅಂತ ಅಂಗಡಿಯವರು ಬೈಯುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿ ಹೀಗಿತ್ತು: 2016ರಿಂದ ನಾನು ಚೀಟಿ ನಡೆಸುತ್ತಿದ್ದೆ ಎಂದರೆ ಸರಿ. ಆರೋಪಿಯೂ ಅದರಲ್ಲಿ ಸದಸ್ಯನಿದ್ದ ಎಂದರೆ ಸರಿ. ಚೀಟಿಯ ಭದ್ರತೆಗೆ ಚೆಕ್ ಪಡೆದಿದ್ದೆ ಎಂದರೆ ಸರಿಯಲ್ಲ. ಮುಂದೆ, 4 ಲಕ್ಷ ನನ್ನ ಬಳಿ ಇತ್ತು, ಉಳಿದ ಹಣ ಭಾವಮೈದುನನಿಂದ ತಂದೆ, ಅದಕ್ಕೆ ದಾಖಲೆ ಇಲ್ಲ, ಈ ಸಾಲವನ್ನು ಐಟಿ ರಿಟರ್ನ್ಸ್‌ನಲ್ಲಿ ತೋರಿಸಿಲ್ಲ.

ಐದಾರು ಸಾಲು ಅಷ್ಟೇ. ಆದರೆ ಮುಖ್ಯ ವಿಚಾರಣೆಯಲ್ಲಾಗಲಿ ನೋಟಿಸಿನಲ್ಲಾಗಲಿ ಚೀಟಿಯ ಸುದ್ದಿಯನ್ನೇ ಎತ್ತದ ಮನುಷ್ಯ ಇಲ್ಲಿ ಚೀಟಿ ಇತ್ತು ಅಂತ ಒಪ್ಪಿದ್ದಾನೆ. ಭಾವಮೈದುನನನ್ನು ಸಾಕ್ಷಿಗೆ ಕರೆದಿಲ್ಲ. ತೀರ್ಪಿನಲ್ಲಿ ಈ ಸಾಲುಗಳ ಚರ್ಚೆಯೇ ಇಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ಬಸಲಿಂಗಪ್ಪ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ನಮಗೆ ಆಸರೆಯಾಯಿತು. ಆರೋಪಿ ತಾನೇ ಸಾಕ್ಷಿ ಕಟ್ಟೆ ಹತ್ತಬೇಕೆಂದಿಲ್ಲ, ದೂರುದಾರನ ಬಾಯಿಂದ ಬಂದದ್ದನ್ನೇ ಬಳಸಿ ಆ ಊಹೆಯನ್ನು ಅಲುಗಾಡಿಸಬಹುದು. ಅಷ್ಟು ಹಣ ಕೊಡುವ ಶಕ್ತಿ ಇತ್ತಾ ಅಂತ ಪ್ರಶ್ನೆ ಎದ್ದ ಮೇಲೆ ಅದನ್ನು ತೋರಿಸಬೇಕಾದವನು ದೂರುದಾರ.

ಸಾಮಾನ್ಯವಾಗಿ ಅಪೀಲು ಮೆಮೋದಲ್ಲಿ ಮೂವತ್ತು ಮೂವತ್ತೈದು ಕಾರಣ ತುಂಬುವುದು ನಮ್ಮಲ್ಲಿ ರೂಢಿ. "ತೀರ್ಪು ಕಾನೂನಿಗೆ ವಿರುದ್ಧವಾಗಿದೆ" ಅಂತ ಶುರುವಾಗುವ ಅದೇ ಹಳೆಯ ಸಾಲುಗಳು. ಈ ಸಲ 7 ಮಾತ್ರ ಬರೆದೆ. ಪ್ರತಿಯೊಂದಕ್ಕೂ ಸಾಕ್ಷ್ಯದ ಪುಟ, ಸಾಲು ಹಾಕಿದೆ. 27ನೇ ದಿನ ಅಪೀಲು ಫೈಲ್ ಆಯಿತು. 30 ದಾಟಿದ್ದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ತಡಕ್ಕೆ ಕಾರಣ ಹೇಳಿ ಅರ್ಜಿ ಕೊಡಬಹುದು. ಆದರೆ ಕಂದು ಕವರು ಡ್ರಾಯರಿನಲ್ಲಿತ್ತು ಅನ್ನುವುದನ್ನು ಅಫಿಡವಿಟ್ಟಿನಲ್ಲಿ ಬರೆಯುವ ಸ್ಥಿತಿ ಬರಲಿಲ್ಲವಲ್ಲ ಅಂತ ಸಮಾಧಾನ ಪಟ್ಟೆ.

1 ಲಕ್ಷ 40 ಸಾವಿರ

ಸೆಷನ್ಸ್ ಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಒಂದು ಲಕ್ಷದ ಬಾಂಡ್, ಪಹಣಿ ಇರುವ ಒಬ್ಬ ಜಾಮೀನುದಾರ. ಜೊತೆಗೆ ದಂಡದ ಶೇ 20, ಅಂದರೆ 1,40,000 ರೂಪಾಯಿಯನ್ನು 60 ದಿನದೊಳಗೆ ಕೋರ್ಟಿಗೆ ಕಟ್ಟಬೇಕು. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 2018ರಲ್ಲಿ ಸೇರಿದ 148ನೇ ಸೆಕ್ಷನ್. ಕಾರಣ ತೋರಿಸಿದರೆ ಇನ್ನೂ 30 ದಿನ ಸಿಗಬಹುದು.

ಅಪೀಲು ಹಾಕಿದರೆ ಹಣ ಕಟ್ಟುವುದು ಮುಂದೆ ಹೋಗುತ್ತದೆ ಅಂತ ಬಂದವರಿಗೆ ಇದು ಸಿಡಿಲು ಬಡಿದ ಹಾಗೆ. ಇದನ್ನು ಮೊದಲ ಭೇಟಿಯಲ್ಲೇ ನಾನು ಹೇಳಬೇಕಿತ್ತು. ಎರಡನೇ ಭೇಟಿಯಲ್ಲಿ ಹೇಳಿದೆ, ಅದೂ ಗಡಿಬಿಡಿಯಲ್ಲಿ. ಅದು ನನ್ನ ತಪ್ಪು.

2023ರ ಸೆಪ್ಟೆಂಬರಿನಲ್ಲಿ ಜಂಬೂ ಭಂಡಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಶೇ 20 ಕಟ್ಟಿಸುವುದು ಸಾಮಾನ್ಯ ನಿಯಮವಾದರೂ ವಿಶೇಷ ಸಂದರ್ಭದಲ್ಲಿ ಅಪೀಲು ಕೋರ್ಟು ಬಿಡಬಹುದು ಅಂತ ಹೇಳಿತು. ಅಂಗಡಿಯವರು ಅದನ್ನು ಮೊಬೈಲಿನಲ್ಲಿ ನೋಡಿ ಬಂದು "ನಮಗೂ ಮಾಡಿಸಿ ಸಾರ್" ಅಂದರು. ಯೋಚಿಸಿದೆ. ಅಂಗಡಿ ನಡೆಯುತ್ತಿದೆ, ಜಿಎಸ್‌ಟಿ ಕಟ್ಟುತ್ತಿದ್ದಾರೆ, ವಿಶೇಷ ಸಂದರ್ಭ ಅಂತ ಏನು ತೋರಿಸುವುದು? ಅರ್ಜಿ ಹಾಕಿ ವಜಾ ಆದರೆ ಆ ಹೊತ್ತಿಗೆ ಗಡುವೂ ಮುಗಿದಿರುತ್ತದೆ. ಗಡುವಿನೊಳಗೆ ಕಟ್ಟದಿದ್ದರೆ ಅಮಾನತು ರದ್ದಾಗುವ ಭಯ. ಬೇಡ ಅಂದೆ. ಹೆಂಡತಿಯ ಬಳೆ ಅಡವಿಟ್ಟು 58ನೇ ದಿನ ಕಟ್ಟಿದರು.

ಆ ಹಣವನ್ನು ಚೀಟಿಯವರು ಅರ್ಜಿ ಹಾಕಿ ಬಿಡಿಸಿಕೊಂಡರು. ಕಾನೂನಿನಲ್ಲಿ ಅವಕಾಶ ಇದೆ. ಆರೋಪಿ ಕೊನೆಗೆ ಬಿಡುಗಡೆಯಾದರೆ ಬಡ್ಡಿ ಸಮೇತ ವಾಪಸ್ ಕೊಡಬೇಕು ಅನ್ನುವುದೂ ಅದೇ ಸೆಕ್ಷನ್ನಿನಲ್ಲಿದೆ. ಅಂಗಡಿಯವರು ಎರಡು ದಿನ ಊಟ ಬಿಟ್ಟರು. ಮುಂದೆ ಇದೇ ಹಣ ನಮ್ಮ ಕೈ ಹಿಡಿಯುತ್ತದೆ ಅಂತ ಆಗ ನನಗೂ ಹೊಳೆದಿರಲಿಲ್ಲ.

ಪಾಕೆಟ್ ಬುಕ್ಕು

ಕೆಳಗಿನ ಕೋರ್ಟಿನ ಕಡತ ಮೇಲೆ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಮನೆಗೆ ಸುಣ್ಣ ಹೊಡೆಸುವಾಗ ಒಂದು ಟ್ರಂಕಿನಲ್ಲಿ ಚೀಟಿಯ ಪಾಕೆಟ್ ಬುಕ್ಕು ಸಿಕ್ಕಿತು. 18 ಕಂತಿನ ಲೆಕ್ಕ, ಚೀಟಿಯವರದೇ ಕೈಬರಹ, ಪ್ರತಿ ಕಂತಿಗೂ ಸಣ್ಣ ಸಹಿ. ಆರನೇ ಪುಟದಲ್ಲಿ "ಚೆಕ್ 3" ಅಂತ ಬರೆದಿತ್ತು.

ಅಂಗಡಿಯವರು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದರು. ಕೇಸು ಗೆದ್ದೇಬಿಟ್ಟೆವು ಅನ್ನುವ ಖುಷಿ ಮುಖದಲ್ಲಿ. ನಾನು ಕೇಳಿದ್ದು ಒಂದೇ. ಈ ಟ್ರಂಕು 4 ವರ್ಷ ಎಲ್ಲಿತ್ತು? "ಮನೆಯಲ್ಲೇ ಸಾರ್, ಅಟ್ಟದ ಮೇಲೆ."

ತೊಂದರೆ ಇರುವುದು ಅಲ್ಲೇ. ಅಪೀಲು ಅಂದರೆ ಕೇಸನ್ನು ಮೊದಲಿನಿಂದ ಇನ್ನೊಂದು ಸಲ ನಡೆಸುವುದಲ್ಲ. ಕೆಳಗೆ ಏನು ದಾಖಲಾಗಿದೆಯೋ ಅದನ್ನಿಟ್ಟುಕೊಂಡು ತೀರ್ಪು ಸರಿಯಾ ತಪ್ಪಾ ಅಂತ ನೋಡುತ್ತಾರೆ. ಹೊಸ ಸಾಕ್ಷ್ಯ ತರಲು 391ರಲ್ಲಿ ದಾರಿ ಇದೆ, ಆದರೆ ಬಿಟ್ಟುಹೋದ ಕೆಲಸವನ್ನು ತುಂಬಿಸಿಕೊಳ್ಳಲು ಅದನ್ನು ಇಟ್ಟಿಲ್ಲ. ಅಟ್ಟ ಹುಡುಕಲಿಲ್ಲ ಅನ್ನುವುದು ಕಾರಣವಾಗುತ್ತದಾ? ಹಾಗಂತ ಸುಮ್ನೆ ಬಿಡುವ ವಸ್ತುವೂ ಅಲ್ಲ. ಎಲ್ಲವನ್ನೂ ಇದ್ದದ್ದು ಇದ್ದಂತೆ ಅಫಿಡವಿಟ್ಟಿನಲ್ಲಿ ಹೇಳಿ, ಅಟ್ಟದ ವಿಷಯವನ್ನೂ ಮುಚ್ಚಿಡದೆ ಅರ್ಜಿ ಹಾಕಿದೆ. ಎದುರು ವಕೀಲರು ಬಲವಾಗಿ ತಕರಾರು ಮಾಡಿದರು. ನ್ಯಾಯಾಧೀಶರು ಅರ್ಜಿಯನ್ನು ಅಂದೇ ತೀರ್ಮಾನಿಸಲಿಲ್ಲ. ಮುಖ್ಯ ಅಪೀಲಿನ ವಾದದ ಜೊತೆಗೇ ಕೇಳುತ್ತೇವೆ ಅಂದರು.

2024ರ ಸೆಪ್ಟೆಂಬರಿನಲ್ಲಿ ವಾದ ಶುರುವಾಯಿತು. ನಾನು ಬಾಯಿ ತೆರೆದು ಎರಡು ನಿಮಿಷ ಆಗಿರಬೇಕು, ಮೊದಲ ಪ್ರಶ್ನೆ ಬಂತು. ನೋಟಿಸಿಗೆ ಉತ್ತರ ಯಾಕೆ ಕೊಟ್ಟಿಲ್ಲ? ಸ್ನೇಹಿತರು ಸುಮ್ಮನಿರು ಅಂದಿದ್ದರು ಅಂತ ಹೇಳಲಾಗುತ್ತದಾ, ಅದು ದಾಖಲೆಯಲ್ಲಿ ಎಲ್ಲೂ ಇಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ನಂತರ ಎದುರು ವಕೀಲರ ಸರದಿ. ಅವರಿಗೂ ಒಂದು ಪ್ರಶ್ನೆ ಬಂತು. ಚೀಟಿ ಇತ್ತು ಅಂತ ನಿಮ್ಮ ಕಕ್ಷಿದಾರರು ಒಪ್ಪಿದ್ದಾರಲ್ಲ, ಅದನ್ನು ದೂರಿನಲ್ಲಿ ಯಾಕೆ ಹೇಳಲಿಲ್ಲ? ಅವರ ಹತ್ತಿರವೂ ಒಳ್ಳೆಯ ಉತ್ತರ ಇರಲಿಲ್ಲ. ನ್ಯಾಯಾಧೀಶರು ಇಬ್ಬರನ್ನೂ ನೋಡಿ, ಕೂತು ಮಾತಾಡಿ ನೋಡಿ ಅಂದು ಮೂರು ವಾರ ತಾರೀಖು ಕೊಟ್ಟರು.

ಮಾತುಕತೆ

ಆಗ ಚೀಟಿಯವರ ಲೆಕ್ಕ ಹೀಗಿತ್ತು. ಅಪೀಲಿನಲ್ಲಿ ತಾವು ಸೋತರೆ ಉಳಿದ ಹಣ ಬರುವುದಿಲ್ಲ, ಅದಿರಲಿ, ಖರ್ಚು ಮಾಡಿಬಿಟ್ಟ 1,40,000ವನ್ನು ಬಡ್ಡಿ ಸೇರಿಸಿ ಹಿಂದಿರುಗಿಸಬೇಕು. ಪಾಕೆಟ್ ಬುಕ್ಕಿನ ಅರ್ಜಿ ಬೇರೆ ತೂಗುತ್ತಿದೆ. ನಮ್ಮ ಲೆಕ್ಕವೂ ಅಷ್ಟೇ ಅನುಮಾನದ್ದು. ಸೋತರೆ ಇನ್ನೂ 5,60,000 ದಂಡ, 6 ತಿಂಗಳು ಜೈಲು, ಆಮೇಲೆ ಬಾಗಿಲು ಕಿರಿದಾದ ರಿವಿಷನ್.

"ಗೆಲ್ಲೋ ಚಾನ್ಸ್ ಎಷ್ಟು ಸಾರ್?" ಅಂದರು. ಅರ್ಧಕ್ಕರ್ಧ ಅಂದೆ. ಅವರಿಗೆ ಸಿಟ್ಟು ಬಂತು. 50 ಸಾವಿರ ಬಾಕಿಗೆ ಲಕ್ಷಗಟ್ಟಲೆ ಯಾಕೆ ಕೊಡಲಿ ಅಂತ ಎದ್ದು ಹೋದರು. ವಾರ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದರು. ಮಾತಾಡಿದ್ದು ಅವರ ಹೆಂಡತಿ. "ಸಾರ್, ಇವರಿಗೆ ನಿದ್ದೆ ಬಂದು 5 ವರ್ಷ ಆಯ್ತು. ಒಂದು ಮೊತ್ತ ಹೇಳಿ."

ಅವರು 6 ಲಕ್ಷದಿಂದ ಇಳಿದರು, ನಾವು 2 ಲಕ್ಷದಿಂದ ಏರಿದೆವು. ಒಟ್ಟು 3,75,000ಕ್ಕೆ ನಿಂತಿತು. ಈಗಾಗಲೇ ಹೋಗಿದ್ದ 1,40,000 ಅದರೊಳಗೆ. ಉಳಿದ 2,35,000 ಎರಡು ಕಂತಿನಲ್ಲಿ, ಕೊನೆಯದು ಲೋಕ ಅದಾಲತ್ ದಿನ.

ಒಪ್ಪಂದ ಮುರಿದು ಬೀಳುವುದರಲ್ಲಿತ್ತು. ಕಾರಣ ಯಾರೂ ನೆನಪಿಟ್ಟುಕೊಳ್ಳದ ಇನ್ನೊಂದು ಖರ್ಚು. ರಾಜಿ ತಡವಾಗಿ ಆದಷ್ಟೂ ಚೆಕ್ ಮೊತ್ತದ ಮೇಲೆ ಒಂದು ಪಾಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ದಾಮೋದರ ಪ್ರಭು ಕೇಸಿನಲ್ಲಿ ಹೇಳಿತ್ತು. ಸೆಷನ್ಸ್ ಹಂತಕ್ಕೆ ಅದು ಶೇ 15. ನಮಗೆ 97,500 ಆಗುತ್ತಿತ್ತು. ಅಂಗಡಿಯವರು ರಾಜಿ ಮೆಮೋ ಹರಿಯಲು ಕೈ ಎತ್ತಿದ್ದರು. ಆದರೆ ಕಾರಣ ಬರೆದು ಕಡಿಮೆ ಮಾಡುವ ಅಧಿಕಾರ ಕೋರ್ಟಿಗೆ ಇದೆ. ಅದಕ್ಕೆ ಪ್ರತ್ಯೇಕ ಅರ್ಜಿ ಕೊಟ್ಟೆವು, 10 ಸಾವಿರಕ್ಕೆ ಇಳಿಯಿತು. 2025ರಲ್ಲಿ ಸುಪ್ರೀಂ ಕೋರ್ಟ್ ಈ ದರಗಳನ್ನೇ ತಗ್ಗಿಸಿದೆ, ಸೆಷನ್ಸ್ ಹಂತಕ್ಕೆ ಈಗ ಶೇ 7.5. ಅದೇ ತೀರ್ಪಿನಲ್ಲಿ, 20 ಸಾವಿರಕ್ಕಿಂತ ಜಾಸ್ತಿ ನಗದು ಸಾಲ ಕೊಟ್ಟದ್ದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧವಾದರೂ ಅಷ್ಟರಿಂದಲೇ ಸಾಲ ವಸೂಲಿಗೆ ಬಾರದ್ದಾಗುವುದಿಲ್ಲ ಅಂತಲೂ ಹೇಳಿದೆ. ಐಟಿ ರಿಟರ್ನ್ಸ್ ವಾದವನ್ನೇ ನೆಚ್ಚಿಕೊಂಡು ನಾವು ಕೊನೆಯವರೆಗೆ ಹೋಗಿದ್ದರೆ ಏನಾಗುತ್ತಿತ್ತೋ.

ಪೂರ್ತಿ ವಾದ ಮಾಡಬೇಕಿತ್ತು, ಗೆಲ್ಲುವ ಕೇಸನ್ನು ಮಾರಿಬಿಟ್ಟೆ ಅಂತ ನನ್ನ ಜೊತೆಯ ವಕೀಲರೊಬ್ಬರು ಈಗಲೂ ರೇಗಿಸುತ್ತಾರೆ. ಇರಬಹುದು. ಆ ಪ್ರಶ್ನೆಗೆ, ನೋಟಿಸಿನ ಪ್ರಶ್ನೆಗೆ, ನನಗೆ ಇನ್ನೂ ಉತ್ತರ ಹೊಳೆದಿಲ್ಲ.

ಲೋಕ ಅದಾಲತ್ ದಿನ ಡಿಡಿ ಕೈ ಬದಲಾಯಿತು. ಜಂಟಿ ಮೆಮೋಗೆ ಎಲ್ಲರೂ ಸಹಿ ಹಾಕಲು ಬಗ್ಗಿದ್ದಾಗ ಹಿಂದಿನಿಂದ ಅವರ ಹೆಂಡತಿ ನನ್ನ ಕೋಟಿನ ತೋಳು ಹಿಡಿದರು. "ಸಾರ್, ಅವರ ಹತ್ರ ಇನ್ನೂ ಎರಡು ಚೆಕ್ ಇದೆಯಲ್ಲ?"

ಪಾಕೆಟ್ ಬುಕ್ಕಿನಲ್ಲಿ "ಚೆಕ್ 3" ಅಂತ ನಾನೇ ಹತ್ತು ಸಲ ಓದಿದ್ದೆ. ಕೋರ್ಟಿನಲ್ಲಿದ್ದದ್ದು ಒಂದು. ಮೆಮೋ ಕರಡನ್ನು ಮೂರು ಸಲ ತಿದ್ದಿದ್ದೆ. ನನ್ನ ತಲೆಗೆ ಬಂದಿರಲಿಲ್ಲ.

ಸಹಿ ನಿಲ್ಲಿಸಿದೆವು. ಬ್ಯಾಂಕಿನಿಂದ ಹಳೆಯ ಚೆಕ್ ಬುಕ್ಕಿನ ನಂಬರ್ ಫೋನಿನಲ್ಲಿ ತರಿಸಿದೆವು. ಚೀಟಿಯವರು ಮನೆಗೆ ಆಳು ಕಳಿಸಿ ಒಂದು ಚೆಕ್ ತರಿಸಿ ಕೊಟ್ಟರು. ಇನ್ನೊಂದು ಸಿಗಲಿಲ್ಲ, ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದರು. ಮೆಮೋಗೆ ಕೈಬರಹದಲ್ಲೇ ಒಂದು ಸಾಲು ಸೇರಿಸಿದೆವು: ಈ ನಂಬರಿನ ಚೆಕ್ಕಿಗೆ ಯಾವ ಸಾಲವೂ ಇಲ್ಲ, ಯಾರ ಕೈಯಲ್ಲಿ ಸಿಕ್ಕರೂ ನಾವು ಅದನ್ನು ಬಳಸುವುದಿಲ್ಲ. ಇಬ್ಬರೂ ಅದರ ಪಕ್ಕದಲ್ಲೇ ಸಹಿ ಹಾಕಿದರು. ಮಧ್ಯಾಹ್ನ ಶಿಕ್ಷೆಯ ತೀರ್ಪು ರದ್ದಾಯಿತು. ಅಂಗಡಿಯವರು ಮನೆಗೆ ಹೋಗಲಿಲ್ಲ. ಸ್ಟಾಪ್ ಪೇಮೆಂಟ್ ಪತ್ರ ಹಿಡಿದುಕೊಂಡು, ಮುಚ್ಚುವ ಮೊದಲು ಬ್ಯಾಂಕ್ ತಲುಪಬೇಕು ಅಂತ ಆಟೋ ಹತ್ತಿದರು.